ಸ್ಲಾಟಿಗೆ ಕೂತರೆ ಸಾಲದು

ಕಂಪ್ಯೂಟರ್‌ಗೆ ರ‍್ಯಾಮ್ (ಮೆಮೊರಿ) ಹಾಕುವ ಬಗ್ಗೆ ನಿಮ್ಮ ಲೇಖನ ಚೆನ್ನಾಗಿದೆ ಸರ್. ಆದರೆ 'ಕಚ್ಚು ಹೊಂದಿ ಸ್ಲಾಟಿಗೆ ಕೂತರೆ ಆ ರ‍್ಯಾಮ್ ಬೋರ್ಡಿಗೆ ಆಗುತ್ತದೆ' ಎಂದಿದ್ದೀರಲ್ಲ, ಅದೊಂದು ಮಾತು ಒಪ್ಪಲು ಆಗಲ್ಲ. ಹಳೇ ತಲೆಮಾರಿನ ಡಿಡಿಆರ್3 ರ‍್ಯಾಮ್ ತಂದು ಅದರ ನಂತರದ ಡಿಡಿಆರ್4 ಮದರ್‌ಬೋರ್ಡಿಗೆ ತುರುಕದ ಹಾಗೆ ಕಚ್ಚು, ಅಂದರೆ ರ‍್ಯಾಮ್ ಅಂಚಿನ ಸಣ್ಣ ಸೀಳು, ತಡೆಯುತ್ತದೆ, ಅಷ್ಟೇ.

ನಾನು ದಾವಣಗೆರೆಯವನು. ಮಂಡಿಪೇಟೆಯಲ್ಲಿ ಮಾವನ ಅಂಗಡಿಯ ಬಿಲ್ಲಿಂಗ್ ಕಂಪ್ಯೂಟರ್‌ಗೆ ಅಗ್ಗಕ್ಕೆ ಸಿಕ್ಕಿತೆಂದು ಆನ್‌ಲೈನಿನಲ್ಲಿ 16 ಜಿಬಿ ಡಿಡಿಆರ್4 ತರಿಸಿದೆ. ಟಕ್ ಅಂತ ಕೂತಿತು. ಆನ್ ಮಾಡಿದರೆ ಫ್ಯಾನ್ ತಿರುಗುತ್ತದೆ, ಮಾನಿಟರ್ ಮಾತ್ರ ಕಪ್ಪಗೆ. ಮಾವ ಕೈಯಲ್ಲೇ ಬಿಲ್ ಬರೆಯುತ್ತಾ ನಡುನಡುವೆ ನನ್ನನ್ನು ನೋಡುತ್ತಿದ್ದರು. ಎರೇಸರ್‌ನಿಂದ ಪಿನ್ ಉಜ್ಜಿದ್ದೂ ಆಯ್ತು. ಕೊನೆಗೆ ಸ್ಟಿಕ್ಕರ್ ಸರಿಯಾಗಿ ಓದಿದೆ: 'ಪಿಸಿ4-2400ಟಿ', ಅದರ ಪಕ್ಕ 'ಆರ್'. ಅಂದರೆ ರಿಜಿಸ್ಟರ್ಡ್, ಸರ್ವರ್‌ಗಳಿಗೆ ಮಾಡಿದ್ದು. ನಮ್ಮ ಮಾಮೂಲಿ ಡೆಸ್ಕ್‌ಟಾಪ್ ಬೋರ್ಡಿಗೆ ಆ ಜಾಗದಲ್ಲಿ 'ಯು' ಇರಬೇಕು. ಎರಡಕ್ಕೂ 288 ಪಿನ್, ಕಚ್ಚೂ ಒಂದೇ ಜಾಗದಲ್ಲಿ. ಕಣ್ಣಿಗೆ ಹೇಗೆ ಗೊತ್ತಾಗಬೇಕು ಹೇಳಿ? ಸ್ಟಿಕ್ಕರ್ ಕಿತ್ತುಹೋಗಿದ್ದರೆ ನಡುಭಾಗ ನೋಡಿ, ಸರ್ವರ್ ರ‍್ಯಾಮ್‌ನಲ್ಲಿ ಅಲ್ಲಿ ಬೇರೆ ಅಳತೆಯ ಒಂದು ಚಿಪ್ ಇರುತ್ತದೆ.

ಸ್ಪೀಡ್ ಬಗ್ಗೆ ಅಷ್ಟು ತಲೆಕೆಡಿಸಿಕೊಳ್ಳಬೇಡಿ. ಜಾಸ್ತಿ ಸ್ಪೀಡಿನದು ಹಾಕಿದರೆ ಸಾಮಾನ್ಯವಾಗಿ ಬೋರ್ಡಿನ ಸ್ಪೀಡಿಗೆ ಇಳಿದು ಓಡುತ್ತದೆ. ಬೋರ್ಡಿನ ಮೇಲೇ ಮಾಡೆಲ್ ನಂಬರ್ ಅಚ್ಚಾಗಿರುತ್ತದೆ, ಕಂಪನಿಯ ಸೈಟಿನಲ್ಲಿ ಅದಕ್ಕೆ ಆಗುವ ರ‍್ಯಾಮ್‌ಗಳ ಪಟ್ಟಿ ಸಿಗುತ್ತದೆ. ಪಟ್ಟಿಯಲ್ಲಿ ಇಲ್ಲದ್ದೂ ಎಷ್ಟೋ ಸಲ ನಡೆಯುತ್ತದೆ, ಆದರೆ ವಾಪಸ್ ತಗೊಳ್ಳುವ ಅಂಗಡಿಯಲ್ಲೇ ಕೊಳ್ಳಿ. ನನ್ನದು ವಾಪಸ್ ಆಗಲಿಲ್ಲ. ಮಾವನ ಗಲ್ಲಾಪೆಟ್ಟಿಗೆಯಲ್ಲಿ ಈಗಲೂ ಚಿಲ್ಲರೆ ಜೊತೆ ಸುಮ್ನೆ ಬಿದ್ದಿದೆ.