ರೈಟ್, ರೈಟ್... ಹೋಲ್ಡಾನ್!

ಹಲ್ಲುಜ್ಜುವುದಕ್ಕೂ ಮೊದಲು ಫೋನ್ ನೋಡುವ ದುರಭ್ಯಾಸ ನಿಮ್ಮಂತೆಯೇ ನನಗೂ ಇರುವುದರಿಂದ, ನಾನು ನೀರಿಗೆ ಬೀಳುವ ದೃಶ್ಯವನ್ನು ಇಂದು ಬೆಳಿಗ್ಗೆ ಹಾಸಿಗೆಯಲ್ಲಿ ಮಲಗಿಯೇ ನೋಡಬೇಕಾಯಿತು. ನಲವತ್ತೇಳು ಮಂದಿಯಿರುವ ನಮ್ಮ ಕುಟುಂಬದ ವಾಟ್ಸ್ಆ್ಯಪ್ ಗುಂಪಿನಲ್ಲಿ ಅದು ಬಂದು ಆಗಲೇ ಆರು ಗಂಟೆ ಕಳೆದಿತ್ತು. ಊರಿನವರೆಲ್ಲ ನೋಡಿ, ನಕ್ಕು, ಸಂಜೆಯ ಕಾಫಿ ಕುಡಿದು, ಮತ್ತೊಮ್ಮೆ ನೋಡಿ ಮುಗಿಸಿದ್ದರು. 41 ಸೆಕೆಂಡುಗಳ ಆ ವಿಡಿಯೋ ತೆಗೆದವನು ಅಕ್ಕನ ಮಗ, ಹಂಚಿದವಳು ಅಕ್ಕ, ಘಟನೆಗೆ ಕಾರಣಕರ್ತರು ಭಾವ. ಸೊರಬದ ಚಿಕ್ಕಪ್ಪನಂತೂ "ನೀರಿಗೆ ಬೀಳುವುದಕ್ಕೆ ಅಷ್ಟು ದೂರ ಹೋಗಬೇಕಿತ್ತೇನೋ? ನಮ್ಮ ಕೆರೆ ತುಂಬಿಯೇ ಇತ್ತಲ್ಲ" ಎಂದು ಬರೆದಿದ್ದರು. ಅದಕ್ಕೆ ಹತ್ತೊಂಬತ್ತು ಹೆಬ್ಬೆರಳುಗಳು ಬಿದ್ದಿದ್ದವು. ಅವುಗಳಲ್ಲಿ ಒಂದು ನನ್ನ ಹೆಂಡತಿಯದು.

ಪ್ರವಾಸ ಮುಗಿಸಿ ಬಂದು ಮೂರು ದಿನಗಳಾಗಿವೆ, ಎಡಭುಜ ಇನ್ನೂ ಮೇಲೇಳುತ್ತಿಲ್ಲ. ಹೀಗಾಗಿ ನಡೆದದ್ದನ್ನು ನಡೆದಂತೆ ಹೇಳಿಬಿಡುವುದು ಒಳ್ಳೆಯದು.

ನ್ಯೂಜೆರ್ಸಿಯ ಹಿಮವನ್ನು ಸಲಿಕೆಯಲ್ಲಿ ಎತ್ತಿ ಎತ್ತಿ ಸಾಕಾಗಿದ್ದ ನಾವು ಮತ್ತು ಇಪ್ಪತ್ತೈದು ವರ್ಷಗಳಿಂದ ಹ್ಯೂಸ್ಟನ್ನಿನಲ್ಲಿ ನೆಲೆಸಿರುವ ಅಕ್ಕ–ಭಾವ ಸೇರಿ, ಈ ಚಳಿಗಾಲದಲ್ಲಿ ಒಂದು ವಾರ ಕೆರಿಬಿಯನ್ನಿನ ಬ್ರಿಟಿಷ್ ವರ್ಜಿನ್ ದ್ವೀಪಗಳಿಗೆ ಹೋಗುವುದೆಂದು ತೀರ್ಮಾನಿಸಿದೆವು. ಅಲ್ಲಿ ಅರವತ್ತರಷ್ಟು ದ್ವೀಪಗಳೂ ನಡುಗಡ್ಡೆಗಳೂ ಒಂದಕ್ಕೊಂದು ಕಣ್ಣಳತೆಯಲ್ಲಿ ಹರಡಿಕೊಂಡಿವೆ. ಅವುಗಳ ನಡುವೆ ದೋಣಿಯಲ್ಲಿ ಓಡಾಡುತ್ತ, ಮನಸ್ಸು ಬಂದ ಕಡೆ ನಿಲ್ಲಿಸಿ, ಮರಳ ಮೇಲಿನ ಬಾರುಗಳಲ್ಲಿ ಕಾಲು ಚಾಚಿ ಕುಳಿತುಕೊಳ್ಳುವುದೇ ಅಲ್ಲಿಯ ಪ್ರವಾಸ. ಹಾಯಿದೋಣಿ ಬೇಡ, ಹಗ್ಗ ಎಳೆಯುವ ಕೆಲಸವೆಲ್ಲ ನಮಗಾಗದು ಎಂದು ಎರಡು ಎಂಜಿನ್ನುಗಳ, ಜೋಡಿ ಒಡಲಿನ ಪವರ್ ಕ್ಯಾಟಮರಾನ್ ದೋಣಿಯೊಂದನ್ನು ಬಾಡಿಗೆಗೆ ಹಿಡಿದೆವು. ಕ್ಯಾಟಮರಾನ್ ಎಂಬ ಹೆಸರು ತಮಿಳಿನ ಕಟ್ಟುಮರದಿಂದ ಬಂದದ್ದೆಂದು ಭಾವ ವಿಮಾನದಲ್ಲಿಯೇ ಎಲ್ಲರಿಗೂ ತಿಳಿಸಿದರು. ಪಕ್ಕದ ಸೀಟಿನ ಅಪರಿಚಿತರಿಗೂ ತಿಳಿಸಿದರು. ದೋಣಿ ನಡೆಸಿದ ಅನುಭವ ನಮ್ಮಲ್ಲಿ ಯಾರಿಗೂ ಇರಲಿಲ್ಲವಾದ್ದರಿಂದ ಸ್ಥಳೀಯ ಕ್ಯಾಪ್ಟನ್ ಒಬ್ಬರನ್ನೂ ಜೊತೆಗೆ ಗೊತ್ತುಮಾಡಿಕೊಂಡೆವು.

ಎಡಬಲಗಳ ವಿಷಯದಲ್ಲಿ ಆ ನಾಡೇ ಮನುಷ್ಯನನ್ನು ಗಲಿಬಿಲಿಗೊಳಿಸುವಂಥದ್ದು. ಬಾವುಟ ಬ್ರಿಟನ್ನಿನ ನೆರಳಿನದು, 1959ರಿಂದ ಚಲಾವಣೆಯಲ್ಲಿರುವುದು ಅಮೆರಿಕದ ಡಾಲರು. ಕಾರುಗಳು ನಮ್ಮೂರಿನಂತೆ ರಸ್ತೆಯ ಎಡಬದಿಯಲ್ಲಿ ಹೋಗುತ್ತವೆ, ಆದರೆ ಬಹುತೇಕ ಕಾರುಗಳ ಸ್ಟೀರಿಂಗ್ ಅಮೆರಿಕದಂತೆ ಎಡಕ್ಕೇ ಇರುತ್ತದೆ. ಸಮುದ್ರದಲ್ಲಿಯೂ ಅದೇ ಕತೆ. ಬಂದರಿಗೆ ಮರಳುವಾಗ ಕೆಂಪು ಬೋಯ್, ಅಂದರೆ ದಾರಿ ತೋರಲು ನೀರಿನ ಮೇಲೆ ತೇಲಿಬಿಟ್ಟ ಗುರುತು, ಬಲಕ್ಕಿರಬೇಕು ಎಂಬುದು ಅಮೆರಿಕ ಖಂಡಗಳ ನಿಯಮ. ಮಂಗಳೂರಿನಲ್ಲಾದರೆ ಅದು ಎಡಕ್ಕಿರಬೇಕು. ಕ್ಯಾಪ್ಟನ್ ಇದನ್ನು ವಿವರಿಸುತ್ತಿದ್ದಾಗ ಭಾವ ಗಂಭೀರವಾಗಿ ತಲೆಯಾಡಿಸಿ, "ರೈಟ್" ಎಂದರು. ಆಗಲೇ ನಾನು ಎಚ್ಚೆತ್ತುಕೊಳ್ಳಬೇಕಿತ್ತು.

ಇಂಥ ಪ್ರವಾಸಗಳ ಚಿತ್ರಗಳಲ್ಲಿ ನೀಲಿ ನೀರು, ತೂಗುಮಂಚ, ಕೊಡೆ ಸಿಕ್ಕಿಸಿದ ಗ್ಲಾಸು ಇವಿಷ್ಟೇ ಕಾಣುತ್ತವೆ. ಆ ಗ್ಲಾಸು ಕೈಗೆ ಸಿಗುವುದಕ್ಕಿಂತ ಮೊದಲು ದೋಣಿಯನ್ನು ಎಲ್ಲಿಯಾದರೂ ಕಟ್ಟಬೇಕು ಎಂಬುದನ್ನು ಯಾವ ಚಿತ್ರವೂ ತೋರಿಸುವುದಿಲ್ಲ. ಲಂಗರು ಹಾಕಿದರೆ ತಳದ ಹವಳ ಮತ್ತು ಕಡಲಹುಲ್ಲು ಕಿತ್ತುಹೋಗುತ್ತವೆ ಎಂದು ಅಲ್ಲಿಯ ಕೊಲ್ಲಿಗಳಲ್ಲಿ ತಳಕ್ಕೆ ಬಿಗಿದ ಮೂರಿಂಗ್ ಚೆಂಡುಗಳನ್ನು ತೇಲಿಬಿಟ್ಟಿರುತ್ತಾರೆ. ಗಾಳಿಗೆ ಮುಖಮಾಡಿ ದೋಣಿಯನ್ನು ಮೆಲ್ಲಗೆ ಚೆಂಡಿನ ಬಳಿಗೆ ತರಬೇಕು. ಮುಂತುದಿಯಲ್ಲಿ ನಿಂತವನು ಕೊಕ್ಕೆಯ ಕೋಲಿನಿಂದ ಚೆಂಡಿನ ಹಗ್ಗವನ್ನು ಎತ್ತಿಕೊಂಡು, ಅದರ ಕುಣಿಕೆಯೊಳಗೆ ನಮ್ಮ ದೋಣಿಯ ಹಗ್ಗವನ್ನು ತೂರಿಸಿ ಕಟ್ಟಬೇಕು. ಆ ಕೋಲು ನೋಡಲು ಥೇಟ್ ನಮ್ಮ ಮಲೆನಾಡಿನ ದೋಟಿ. ಮಾವಿನಕಾಯಿಯ ಕಡೆಗೆ ಮೇಲಕ್ಕೆ ಚಾಚುವುದನ್ನು ಕೆಳಕ್ಕೆ ಚಾಚಬೇಕು, ಅಷ್ಟೆ. ಬಾಲ್ಯದಲ್ಲಿ ದೋಟಿ ಹಿಡಿದ ಅನುಭವವಿದೆ ಎಂದು ನಾನೇ ಆ ಕೆಲಸವನ್ನು ವಹಿಸಿಕೊಂಡೆ. ಕ್ಯಾಪ್ಟನ್ ಒಂದೇ ಒಂದು ಸೂಚನೆ ಕೊಟ್ಟರು: "ಕೋಲು ಸಿಕ್ಕಿಹಾಕಿಕೊಂಡರೆ ಬಿಟ್ಟುಬಿಡಿ. ಅದು ತೇಲುತ್ತದೆ, ಆಮೇಲೆ ಎತ್ತಿಕೊಳ್ಳಬಹುದು."

ಇನ್ನು ಭಾವನ ಕೆಲಸ. ದೋಣಿ ನಡೆಸುವ ಜಾಗ ಮಹಡಿಯ ಮೇಲಿದೆ. ಚೆಂಡು ಮೂತಿಯ ಅಡಿಗೆ ಬಂದಮೇಲೆ ಕ್ಯಾಪ್ಟನ್ನಿಗೆ ಅದು ಕಾಣುವುದಿಲ್ಲ. ನನ್ನ ಮಾತು ಗಾಳಿಗೆ ಅಲ್ಲಿಯವರೆಗೆ ತಲುಪುವುದಿಲ್ಲ. ಆದ್ದರಿಂದ ಪಕ್ಕದ ಓಣಿಯಲ್ಲಿ ಕಂಬಿ ಹಿಡಿದು ನಿಂತು, ಮುಂದೆ ನೋಡಿ ಮೇಲೆ ಹೇಳುವ ಮಧ್ಯವರ್ತಿಯ ಹುದ್ದೆಯನ್ನು ಭಾವ ಯಾರೂ ಕೇಳದಿದ್ದರೂ ಸೃಷ್ಟಿಸಿಕೊಂಡರು. ಭಾವನ ತಂದೆ ಸಾಗರದ ಕಡೆಯ ಬಸ್ಸೊಂದರಲ್ಲಿ ಕಂಡಕ್ಟರ್ ಆಗಿದ್ದವರು. ಭಾವ ಕಚೇರಿಯ ಸಭೆಗಳಲ್ಲಿ ಆಡುವ ಇಂಗ್ಲಿಷ್ ಬೇರೆ. ಯಾವುದಾದರೂ ವಾಹನ ಕದಲಿದೊಡನೆ ಅವರ ಬಾಯಿಂದ ಹೊರಡುವ ಇಂಗ್ಲಿಷ್ ಬೇರೆ. ಅಕ್ಕ ಹ್ಯೂಸ್ಟನ್ನಿನ ಮಾಲ್‌ಗಳಲ್ಲಿ ಕಾರನ್ನು ಹಿಂದಕ್ಕೆ ತೆಗೆಯುವಾಗಲೂ ಅವರು ಹಿಂದೆ ನಿಂತು "ಬರ್ಲಿ, ಬರ್ಲಿ, ರೈಟ್, ರೈಟ್" ಎನ್ನುತ್ತ ಡಿಕ್ಕಿಯ ಮೇಲೆ ಅಂಗೈಯಿಂದ ತಟ್ಟುತ್ತಾರೆ. ಅದನ್ನು ನಾವೆಲ್ಲ ಇಷ್ಟು ವರ್ಷ ಪ್ರೀತಿಯಿಂದ ಸಹಿಸಿಕೊಂಡು ಬಂದಿದ್ದೆವು.

ಮೊದಲ ದಿನ ಸಂಜೆ ನಾರ್ಮನ್ ದ್ವೀಪದ ಬೈಟ್ ಎಂಬ ಕೊಲ್ಲಿಗೆ ಬಂದೆವು. 1750ರಲ್ಲಿ ಸ್ಪೇನಿನ ಹಡಗೊಂದರಿಂದ ಕದ್ದ ನಿಧಿಯನ್ನು ಹೂತಿಟ್ಟಿದ್ದ ದ್ವೀಪವದು. ಕೊಲ್ಲಿಯಲ್ಲಿ ವಿಲಿಯಂ ಥಾರ್ನ್‌ಟನ್ ಎಂಬ ತೇಲುವ ಬಾರ್ ಇದೆ. ಪಕ್ಕದ ಯೋಸ್ಟ್ ವಾನ್ ಡೈಕ್ ದ್ವೀಪದಲ್ಲಿ 1759ರಲ್ಲಿ ಹುಟ್ಟಿ, ಮುಂದೆ ಅಮೆರಿಕದ ಸಂಸತ್ ಭವನದ ನಕ್ಷೆ ಬರೆದವರ ಹೆಸರು ಅದು. ಅಂಥ ಘನತೆಯ ಹೆಸರು ಹೊತ್ತ ಹಡಗಿನ ಮೇಲ್ಮಹಡಿಯಿಂದ ಜನರು ಸಮುದ್ರಕ್ಕೆ ಧುಮುಕುವುದು ಅಲ್ಲಿಯ ಸಂಪ್ರದಾಯ. ಧುಮುಕಿ ದಣಿದವರಿಗೆ ಉಳಿಯುವ ಮನರಂಜನೆಯೆಂದರೆ, ಹೊಸದಾಗಿ ಬಂದವರು ದೋಣಿ ಕಟ್ಟಲು ಪಡುವ ಪಾಡನ್ನು ಗ್ಲಾಸು ಹಿಡಿದು ನೋಡುವುದು. ನಾವು ಹೋದಾಗ ಉಳಿದಿದ್ದ ಒಂದೇ ಚೆಂಡು ಆ ಬಾರಿನ ನೇರ ಎದುರಿನಲ್ಲಿತ್ತು.

ಪೂರ್ವದಿಂದ ಗಾಳಿ ಬೀಸುತ್ತಿತ್ತು. ಕ್ಯಾಪ್ಟನ್ ದೋಣಿಯನ್ನು ನೇರವಾಗಿ ಚೆಂಡಿನತ್ತ ತಂದರು. ಇನ್ನೇನು ಹತ್ತು ಅಡಿ ಮುಂದೆ ಹೋಗಬೇಕೆನ್ನುವಾಗ ಭಾವ "ರೈಟ್, ರೈಟ್" ಎಂದರು. ಕರ್ನಾಟಕದ ಯಾವ ಡ್ರೈವರಿಗೂ ಅದರ ಅರ್ಥ ಗೊತ್ತು: ಹೋಗಲಿ, ಮುಂದಕ್ಕೆ ಹೋಗಲಿ. ಅಲ್ಲಿಯ ಮುಖ್ಯ ದ್ವೀಪವಾದ ಟಾರ್ಟೋಲಾದಲ್ಲಿ ಹುಟ್ಟಿ ಬೆಳೆದ ಕ್ಯಾಪ್ಟನ್ನಿಗೂ ಅದರ ಅರ್ಥ ಗೊತ್ತಿತ್ತು. ಅವರು ದೋಣಿಯನ್ನು ಬಲಕ್ಕೆ ತಿರುಗಿಸಿದರು. ಚೆಂಡು ನನ್ನ ದೋಟಿಗೆ ಎಟುಕದಷ್ಟು ದೂರದಲ್ಲಿ, ಎಡಗಡೆಯಿಂದ, ಸೊಸೆಯನ್ನು ಕಂಡ ಅತ್ತೆಯಂತೆ ಮುಖ ತಿರುಗಿಸಿಕೊಂಡು ಹಾದುಹೋಯಿತು. ಬಾರಿನಲ್ಲಿ ಯಾರೋ "ಒಂದು!" ಎಂದು ಎಣಿಸಿದರು.

ಒಂದು ಸುತ್ತು ಹಾಕಿ ಮತ್ತೆ ಬಂದೆವು. ಅಷ್ಟರಲ್ಲಿ ನಾನು ಮುಂದಿನಿಂದ ಕೂಗಿ ಭಾವನಿಗೆ ರೈಟ್ ಎಂಬುದರ ಅಪಾಯವನ್ನು ತಿಳಿಸಿದ್ದೆ. ನನ್ನ ಹೆಂಡತಿ ಮಹಡಿ ಹತ್ತಿ, ರೈಟ್ ಎಂದರೆ ಮುಂದಕ್ಕೆ ಎಂದು ಕ್ಯಾಪ್ಟನ್ನಿಗೂ ತಿಳಿಸಿದ್ದಳು. ಇಬ್ಬರೂ ಒಮ್ಮೆಲೇ ತಿದ್ದಿಕೊಂಡದ್ದೇ ಅನಾಹುತವಾಯಿತು. ಈ ಸಲ ಚೆಂಡು ನಿಜವಾಗಿಯೂ ಬಲಕ್ಕಿತ್ತು, ಭಾವ ನಿಜವಾಗಿಯೂ ಬಲಕ್ಕೆ ಎಂಬ ಅರ್ಥದಲ್ಲಿಯೇ "ರೈಟ್" ಎಂದರು, ಕ್ಯಾಪ್ಟನ್ ನೇರವಾಗಿ ಮುಂದಕ್ಕೆ ಹೋದರು. "ಎರಡು!" ಎಂದು ಈ ಸಲ ಬಾರಿನ ಒಂದು ಮೇಜು ಪೂರ್ತಿ ಕೂಗಿತು.

ಮೂರನೆಯ ಸಲ ಭಾವ ಬಾಯಿ ತೆರೆಯುವುದಕ್ಕೆ ಮೊದಲೇ ನನ್ನ ದೋಟಿಗೆ ಹಗ್ಗ ಸಿಕ್ಕಿತು. ಇಷ್ಟಕ್ಕೇ ನಿಂತಿದ್ದರೆ ನಾನು ಇಂದು ಬೆಳಿಗ್ಗೆ ನೆಮ್ಮದಿಯಿಂದ ಹಲ್ಲುಜ್ಜುತ್ತಿದ್ದೆ. ಆದರೆ ಹಗ್ಗ ಸಿಕ್ಕಿದ್ದನ್ನು ಕಂಡ ಭಾವ, ದೋಣಿಯನ್ನು ಇನ್ನು ನಿಲ್ಲಿಸಬೇಕೆಂದು ಕ್ಯಾಪ್ಟನ್ನಿಗೆ ತಿಳಿಸಲು, ತಂದೆಯಿಂದ ಬಳುವಳಿಯಾಗಿ ಬಂದ ಕಂಠದಲ್ಲಿ "ಹೋಲ್ಡಾನ್! ಹೋಲ್ಡಾನ್!" ಎಂದು ಅಬ್ಬರಿಸಿದರು. ನಾಲ್ಕು ದಶಕಗಳ ಕಾಲ ಬಸ್ಸುಗಳಲ್ಲಿ ಈ ಪದವನ್ನು ಕೇಳಿದ್ದ ನಾನು, ಆ ಕ್ಷಣದಲ್ಲಿ ಮಾತ್ರ, ಅಮೆರಿಕದ ಗಾಳಿ ತಾಗಿದ ತಪ್ಪಿಗೆ, ಅದನ್ನು ಇಂಗ್ಲಿಷ್ ಎಂದುಕೊಂಡೆ. ಗಟ್ಟಿಯಾಗಿ ಹಿಡಿದುಕೋ ಎಂದು ನನಗೆ ಹೇಳುತ್ತಿದ್ದಾರೆಂದು ತಿಳಿದು ಎರಡೂ ಕೈಗಳಿಂದ ದೋಟಿಯನ್ನು ಅಪ್ಪಿಹಿಡಿದೆ. ಕ್ಯಾಪ್ಟನ್ ಕೂಡ ಅದನ್ನು ಇಂಗ್ಲಿಷ್ ಎಂದೇ ತಿಳಿದರು. ಹಿಡಿದುಕೊಳ್ಳಲು ಹೇಳಿದ್ದಾರೆ, ಆತ ಹಿಡಿದುಕೊಂಡಿದ್ದಾನೆ, ಎಲ್ಲವೂ ಸರಿಯಾಗಿದೆ ಎಂದು ದೋಣಿಯನ್ನು ಮುಂದಕ್ಕೆ ಬಿಟ್ಟರು. ಹಗ್ಗ ಸಮುದ್ರದ ತಳಕ್ಕೆ ಕಟ್ಟಿದ್ದು. ದೋಣಿ ಹತ್ತು ಟನ್ನಿಗೂ ಮಿಗಿಲಾದದ್ದು. ನಡುವೆ ಎಪ್ಪತ್ತೆಂಟು ಕಿಲೋದ ನಾನು. ಕೋಲನ್ನು ಬಿಟ್ಟುಬಿಡಿ ಎಂಬ ಸೂಚನೆ ನೆನಪಾದದ್ದು ಕಂಬಿಯನ್ನು ದಾಟಿ, ಗಾಳಿಯಲ್ಲಿ ಅಡ್ಡಲಾಗಿ ತೇಲುತ್ತಿರುವಾಗ.

ಕ್ಯಾಪ್ಟನ್ ತಕ್ಷಣ ಎರಡೂ ಎಂಜಿನ್ನುಗಳನ್ನು ನ್ಯೂಟ್ರಲ್‌ಗೆ ತಂದರು. ಅದಕ್ಕಾಗಿ ಅವರಿಗೆ ಸಾವಿರ ನಮಸ್ಕಾರ. ನಾನು ನೀರಿನಿಂದ ತಲೆಯೆತ್ತಿದಾಗ ತೇಲುವ ಬಾರಿನವರೆಲ್ಲ ಎದ್ದುನಿಂತು ಚಪ್ಪಾಳೆ ತಟ್ಟುತ್ತಿದ್ದರು. ಅಲ್ಲಿಯ ಸಂಪ್ರದಾಯದಂತೆ ನಾನೂ ಧುಮುಕಿದೆನೆಂದು ಅವರು ತಿಳಿದಿದ್ದರು. ದೋಟಿ ಇನ್ನೂ ನನ್ನ ಕೈಯಲ್ಲೇ ಇತ್ತು. ಮೇಲಿನಿಂದ ಭಾವ ಇಣುಕಿ, "ಹೋಲ್ಡಾನ್ ಅಂದೆನಲ್ಲ ಮಾರಾಯ!" ಎಂದರು.

ಅಂದು ರಾತ್ರಿ ಕ್ಯಾಪ್ಟನ್ ಹೊಸ ನಿಯಮ ತಂದರು: ಇನ್ನು ಮಾತಿಲ್ಲ, ಕೋಲಿನಿಂದ ಚೆಂಡಿನತ್ತ ತೋರಿಸಿದರೆ ಸಾಕು. ಸರಿಯಾದ ಕ್ರಮ ಅದೇ ಅಂತೆ, ಮೊದಲೇ ಹೇಳಬಹುದಿತ್ತು. ಮರುದಿನ ವರ್ಜಿನ್ ಗೋರ್ಡಾದಲ್ಲಿ ಬಾತ್ಸ್ ಎಂಬ ಮನೆಗಾತ್ರದ ಗ್ರಾನೈಟ್ ಬಂಡೆಗಳ ನಡುವೆ ನುಸುಳಿ ಬಂದೆವು, ಬಂಡೆಗಳು ಬಂಡೆಗಳಂತೆಯೇ ಇದ್ದವು. ಅದರ ಮಾರನೆಯ ದಿನ ಅನೆಗಾಡಾಕ್ಕೆ ಹೋದೆವು. ಎಲ್ಲ ಕಡೆಯೂ ಒಂದೇ ಸಲಕ್ಕೆ ದೋಣಿ ಕಟ್ಟಿದೆವು. ಭಾವ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು, ತುಟಿ ಬಿಗಿದು ಓಣಿಯಲ್ಲಿ ನಿಲ್ಲುತ್ತಿದ್ದರು. ಎಂಜಿನ್ ಸದ್ದು ಬದಲಾದಾಗಲೆಲ್ಲ ಅವರ ಗಂಟಲ ಮಣಿ ಒಮ್ಮೆ ಮೇಲೆ ಹೋಗಿ ಕೆಳಗೆ ಬರುತ್ತಿತ್ತು.

ಅನೆಗಾಡಾ ಎಂದರೆ ಸ್ಪ್ಯಾನಿಷ್‌ನಲ್ಲಿ ಮುಳುಗಿದ್ದು ಎಂದರ್ಥ. ಉಳಿದ ದ್ವೀಪಗಳೆಲ್ಲ ಗುಡ್ಡಗಳಾದರೆ ಇದು ಹವಳದ ಹಾಸು; ಅತಿ ಎತ್ತರದ ಜಾಗವೂ ಒಂಬತ್ತು ಮೀಟರ್ ಇಲ್ಲ. ದೂರದಿಂದ ಮೊದಲು ಮರಗಳು ಕಾಣಿಸುತ್ತವೆ, ನೆಲ ಆಮೇಲೆ. ಸುತ್ತಲಿನ ಹವಳದ ದಿಬ್ಬಕ್ಕೆ ಬಡಿದು ಒಡೆದ ಹಡಗುಗಳಿಗೆ ಲೆಕ್ಕವಿಲ್ಲವಾದ್ದರಿಂದ ಸೂರ್ಯ ನೆತ್ತಿಯ ಮೇಲಿರುವಾಗಲೇ, ನೀರಿನ ಬಣ್ಣ ನೋಡಿಕೊಂಡು ಒಳಗೆ ಬರಬೇಕು. ಸಂಜೆ ದಡದಲ್ಲಿ ಎಲ್ಲರೂ ಅಲ್ಲಿಯ ಹೆಸರುವಾಸಿ ಸುಟ್ಟ ಲಾಬ್‌ಸ್ಟರ್ ತಿನ್ನುತ್ತಿದ್ದರು. ಸಸ್ಯಾಹಾರಿಗಳಾದ ನಮಗೆ ಸಿಕ್ಕಿದ್ದು ಅನ್ನದೊಂದಿಗೆ ಬೇಯಿಸಿದ ಕಾಳು. ಬಾಯಿಗಿಟ್ಟರೆ ನಮ್ಮ ತೊಗರಿ. ಅಕ್ಕ ಕೈಚೀಲದಿಂದ ಉಪ್ಪಿನಕಾಯಿ ಬಾಟಲಿ ತೆಗೆದಳು.

ಭಾವ ನೀರಿನ ಕಡೆ ನೋಡುತ್ತಿದ್ದವರು, "ಅಪ್ಪ ಜೀವಮಾನದಲ್ಲಿ ಹತ್ತಿದ್ದು ಒಂದೇ ದೋಣಿ, ಹೊಳೆಬಾಗಿಲಿನ ಲಾಂಚು" ಎಂದರು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದು ಶರಾವತಿಯ ಹಿನ್ನೀರು ಊರುಗಳನ್ನು ಬೇರೆ ಮಾಡಿದ ಮೇಲೆ, ಸಿಗಂದೂರಿನ ಕಡೆಗೆ ಹೋಗುವ ಬಸ್ಸು ಲಾಂಚಿನ ಮೇಲೇರಿಯೇ ನೀರು ದಾಟಬೇಕಿತ್ತು. ಬಸ್ಸನ್ನು ಹತ್ತಿಸುವಾಗ ಅವರ ಅಪ್ಪ ಕೆಳಗಿಳಿದು, ಹಲಗೆಯ ಅಂಚಿನಲ್ಲಿ ನಿಂತು ಅಂಗುಲ ಅಂಗುಲವಾಗಿ ರೈಟ್ ಹೇಳುತ್ತಿದ್ದರಂತೆ. ಹೋಲ್ಡಾನ್ ಎನ್ನುವುದು ಒಂದು ಮೊಳ ತಡವಾದರೂ ಬಸ್ಸು ನೀರಿಗೆ. ಶಾಲೆಗೆ ರಜೆಯಿದ್ದಾಗ ಭಾವನೂ ಪಕ್ಕದಲ್ಲಿ ನಿಂತು ಬಸ್ಸಿನ ಮೈಯನ್ನು ತಟ್ಟುತ್ತಿದ್ದರಂತೆ. 2025ರ ಜುಲೈಯಲ್ಲಿ ಅಲ್ಲಿ ಸೇತುವೆಯಾಯಿತು; ಈಗ ಬಸ್ಸು ನಿಲ್ಲದೆ ದಾಟುತ್ತದೆ. ನಾನು ಏನೂ ಹೇಳಲಿಲ್ಲ. ಭುಜ ನೋಯುತ್ತಿದ್ದರೂ ಉಪ್ಪಿನಕಾಯಿಯ ಬಾಟಲಿಯನ್ನು ಅವರ ಕಡೆಗೆ ಸರಿಸಿದೆ.

ಕೊನೆಗೆ ಯೋಸ್ಟ್ ವಾನ್ ಡೈಕ್‌ನ ವೈಟ್ ಬೇಗೆ ಬಂದೆವು. ಅಲ್ಲಿಯ ಸಾಗಿ ಡಾಲರ್ ಬಾರಿಗೆ ದೋಣಿಕಟ್ಟೆಯೇ ಇಲ್ಲ. ಗಿರಾಕಿಗಳು ಈಜಿಕೊಂಡೇ ದಡಕ್ಕೆ ಬಂದು ಒದ್ದೆ ನೋಟು ಕೊಡುತ್ತಾರೆ, ಹೆಸರು ಬಂದದ್ದೂ ಹಾಗೆಯೇ. ನನ್ನ ನೋಟುಗಳು ನಾರ್ಮನ್ ದ್ವೀಪದಿಂದಲೇ ಒದ್ದೆಯಾಗಿದ್ದವು. ಅಲ್ಲಿ ಹುಟ್ಟಿದ್ದೆಂದು ಹೇಳಲಾಗುವ ಪೇನ್‌ಕಿಲ್ಲರ್ ಎಂಬ ಪಾನೀಯವನ್ನು, ಅಂದರೆ ರಮ್, ಅನಾನಸ್, ಕಿತ್ತಳೆ, ತೆಂಗಿನ ಕೆನೆ ಬೆರೆಸಿ ಮೇಲೆ ಜಾಯಿಕಾಯಿ ತುರಿದದ್ದನ್ನು, ನಾನು ಔಷಧವೆಂದೇ ಸೇವಿಸಿದೆ. ಭುಜಕ್ಕೆ ಏನೂ ಆಗಲಿಲ್ಲ.

ಇವಿಷ್ಟನ್ನೂ ಗುಂಪಿನಲ್ಲಿ ಬರೆಯಲು ಹೊರಟವನು, ಆಧಾರವಿರಲಿ ಎಂದು ಆ ವಿಡಿಯೋವನ್ನು ಹನ್ನೊಂದನೆಯ ಸಲ, ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ನೋಡಿದೆ. ಸರಿಯಾಗಿ 33ನೆಯ ಸೆಕೆಂಡಿನಲ್ಲಿ ಸತ್ಯ ಹೊರಬಿತ್ತು. ಭಾವ ಬಾಯಲ್ಲಿ ಹೋಲ್ಡಾನ್ ಎನ್ನುತ್ತಿದ್ದಾರೆ, ಆದರೆ ಕೈಯಲ್ಲಿ ಕ್ಯಾಬಿನ್ನಿನ ಗೋಡೆಯನ್ನು ತಟ್, ತಟ್ ಎಂದು ಎರಡು ಸಲ ತಟ್ಟುತ್ತಿದ್ದಾರೆ! ಒಂದು ಸಲ ತಟ್ಟಿದರೆ ನಿಲ್ಲಿಸು, ಎರಡು ಸಲ ತಟ್ಟಿದರೆ ಹೊರಡು ಎಂಬುದು ಬಸ್ಸು ಹತ್ತಿದ ಕೂಸಿಗೂ ಗೊತ್ತಿರುವ ವಿಚಾರ. ನೀರಿಗೆ ಬಿದ್ದದ್ದು ನನ್ನ ತಪ್ಪಲ್ಲ, ಕಂಡಕ್ಟರಿಕೆಯಲ್ಲಿಯೇ ಲೋಪವಾಗಿದೆ ಎಂದು ಸೆಕೆಂಡುಗಳ ಸಮೇತ ಬರೆದು ಕಳುಹಿಸಿದೆ.

ನಲವತ್ತಾರು ಮಂದಿಯೂ ಓದಿದರು, ಯಾರೂ ಉತ್ತರಿಸಲಿಲ್ಲ. ಒಂದು ಗಂಟೆಯ ನಂತರ ಹ್ಯೂಸ್ಟನ್ನಿನಿಂದ ಭಾವನ ಸಂದೇಶ ಬಂತು. ಒಂದೇ ಪದ: "ರೈಟ್." ತಪ್ಪನ್ನು ಒಪ್ಪಿಕೊಂಡರೋ, ಮುಂದಕ್ಕೆ ಹೋಗು ಎಂದರೋ ತಿಳಿಯದೆ, ಹಲ್ಲುಜ್ಜಲು ಎದ್ದೆ.