ಸ್ಪಷ್ಟನೆ: ಓಪನ್ ವಾಟರ್ ಕಾರ್ಡ್ ಹಿಡಿದು ಸೀದಾ ಗುಹೆಗೆ ಇಳಿಯೋಕಾಗಲ್ಲ

ಬೆಂಗಳೂರಿನ ವಾಟ್ಸಾಪ್ ಗುಂಪುಗಳಲ್ಲಿ ಒಂದು ಮೆಸೇಜ್ ಓಡಾಡುತ್ತಿದೆ: "ನೇತ್ರಾಣಿ ದ್ವೀಪದಲ್ಲಿ ಓಪನ್ ವಾಟರ್ (ಸ್ಕೂಬಾ ಡೈವಿಂಗಿನ ಮೊದಲ ಕೋರ್ಸ್) ಮುಗಿಸಿ, ಮೆಕ್ಸಿಕೋಗೆ ಹೋದರೆ ಸಾಕು. ಗುಹೆ ಡೈವಿಂಗ್ ಅಲ್ಲೇ ಕಲಿಸುತ್ತಾರೆ." ಇದು ತಪ್ಪು.

ಆ ಕಾರ್ಡ್ ಇರೋದು 18 ಮೀಟರ್ ಆಳದವರೆಗಿನ ತೆರೆದ ನೀರಿಗೆ. ಗುಹೆ ಡೈವಿಂಗಿನ ಮೊದಲ ಮೆಟ್ಟಿಲಾದ ಕ್ಯಾವರ್ನ್ (ಗುಹೆಯ ಬಾಯಿಯ ಹತ್ತಿರದ ಭಾಗ) ಕೋರ್ಸಿಗೇ ಹಲವು ಕಡೆ ಅದರ ಮುಂದಿನ ಹಂತದ ಅಡ್ವಾನ್ಸ್ಡ್ ಕಾರ್ಡ್ ಕೇಳುತ್ತಾರೆ. ಆ ಕ್ಯಾವರ್ನ್ ಕೋರ್ಸಿನಲ್ಲೂ ಒಳಗೆ ಹೋಗೋದು ಹಗಲು ಬೆಳಕು ಕಾಣುವಷ್ಟು ದೂರ ಮಾತ್ರ. ಗುಹೆಯಲ್ಲಿ ತಲೆ ಮೇಲೆ ಬಂಡೆ ಇರುತ್ತದೆ, ಎಡವಟ್ಟಾದರೆ ನೇರ ಮೇಲೆ ಬರೋಕಾಗಲ್ಲ, ಅಲ್ವಾ? ಅದಕ್ಕೇ ಗಾಳಿಯನ್ನು ಮೂರು ಪಾಲು ಮಾಡುತ್ತಾರೆ. ಸಿಲಿಂಡರಿನಲ್ಲಿ 210 ಬಾರ್ (ಗಾಳಿಯ ಒತ್ತಡದ ಅಳತೆ) ಇದ್ದರೆ 70 ಹೋಗೋಕೆ, 70 ಬರೋಕೆ, ಉಳಿದ 70 ಆಪತ್ತಿಗೆ.

ಹಾಗಂತ ಇಲ್ಲಿ ಸುಮ್ನೆ ಕೂರಬೇಕಿಲ್ಲ. ಈಜುಕೊಳದಲ್ಲಿ ಕೈ ಆಡಿಸದೆ ಒಂದೇ ಮಟ್ಟದಲ್ಲಿ ತೇಲೋದು, ಕಪ್ಪೆಯ ಹಾಗೆ ಕಾಲು ಒದೆಯೋದು ಅಭ್ಯಾಸವಾಗಲಿ. ಕಾಲು ಮೇಲೆ ಕೆಳಗೆ ಬಡಿದರೆ ಗುಹೆಯ ತಳದ ಹೂಳು ಎದ್ದು, ಕೈಯಲ್ಲಿರೋ ಟಾರ್ಚೂ ಕಾಣಲ್ಲ. ಆಗ ಗುಹೆಯ ಬಾಯಿಯಿಂದ ಒಳಗೆ ಎಳೆದುಕೊಂಡು ಬಂದ ದಾರವೇ ದಾರಿ. ಅದನ್ನು ಹಿಡಿದು ಸಾಗೋದನ್ನೂ ಮನೆಯಲ್ಲೇ ಕಲಿಯಬಹುದು: ತಾರಸಿಯಲ್ಲಿ ನೀರಿನ ಟ್ಯಾಂಕಿನಿಂದ ಬಟ್ಟೆ ಒಣಗಿಸೋ ಕಂಬಕ್ಕೆ ದಾರ ಕಟ್ಟಿ. ಹೆಬ್ಬೆರಳು, ತೋರುಬೆರಳು ಸೇರಿಸಿ ಉಂಗುರ ಮಾಡಿ, ಅದರೊಳಗೆ ದಾರ ಜಾರುವ ಹಾಗೆ, ಕಣ್ಣು ಮುಚ್ಚಿ ನಡೆಯಿರಿ. ಪಕ್ಕದ ಮನೆ ಆಂಟಿ ನಗಬಹುದು, ನಗಲಿ ಬಿಡಿ.