ಸೇನೆಯ ಲಾರಿ ಲೆಕ್ಕಕ್ಕೆ ಸರಾಸರಿ ಸಾಲದು

ಒಟ್ಟು ಸಾಮಾನಿನ ಟನ್ನನ್ನು ಒಂದು ಲಾರಿ ಹೊರುವ ಟನ್ನಿನಿಂದ ಭಾಗಿಸಿದರೆ ಸೇನೆಗೆ ಎಷ್ಟು ಗಾಡಿ ಬೇಕು ಅಂತ ಗೊತ್ತಾಗಿಬಿಡುತ್ತೆ ಅಂದುಕೊಂಡವರು ಬಹಳ. ಗೊತ್ತಾಗಲ್ಲ. ದಾವಣಗೆರೆ, ಚಿತ್ರದುರ್ಗದಲ್ಲಿ ಆಪರೇಷನ್ಸ್ ರಿಸರ್ಚ್ (ಯಾವ ನಿರ್ಧಾರ ಉತ್ತಮ ಅಂತ ಗಣಿತದಿಂದ ಹುಡುಕುವ ವಿದ್ಯೆ) ಓದುತ್ತಿರುವ ಮಕ್ಕಳಿಗಾಗಿ ನಮ್ಮ ನೆಲದ ಮೇಲೇ ಲೆಕ್ಕ ಹಾಕೋಣ. ಅಂಕಿಗಳು ಉದಾಹರಣೆಗೆ ಮಾತ್ರ.

ದಿನಕ್ಕೆ 38 ಟನ್ ಸಾಗಬೇಕು. ಅದರಲ್ಲಿ 28 ಟನ್ ಹೈವೇ 48ರ ಪಕ್ಕದ ಕ್ಯಾಂಪುಗಳಿಗೆ, 10 ಟನ್ ಎರೆ ಹೊಲಗಳ ಒಳಗಿನ ಕ್ಯಾಂಪುಗಳಿಗೆ. ಮಳೆ ಬಿದ್ದರೆ ಎರೆಮಣ್ಣು ಚಕ್ರದ ಸಂದುಗೊಂದಿಗೆಲ್ಲ ಮೆತ್ತಿಕೊಳ್ಳುತ್ತೆ. 5 ಟನ್ನಿನ ಲಾರಿ ಅಲ್ಲಿ ಹೂತುಕೊಳ್ಳುತ್ತೆ, 2.5 ಟನ್ನಿನ ಫೋರ್ ವೀಲ್ ಡ್ರೈವ್ ಗಾಡಿ ದಾಟುತ್ತೆ ಅಂತಿಟ್ಟುಕೊಳ್ಳಿ. ದಿನಕ್ಕೆ ಒಂದೇ ಟ್ರಿಪ್. ಹಾಗಾದರೆ ಚಿಕ್ಕವು 4, ದೊಡ್ಡವು 5.6, ಅಂದರೆ 6.

ಇನ್ನು ರಿಪೇರಿ. ಯಾವ ದಿನ ನೋಡಿದರೂ ಒಂದು ಗಾಡಿ ಓಡುವ ಸ್ಥಿತಿಯಲ್ಲಿರುವ ಸಾಧ್ಯತೆ ಶೇ. 80 ಅನ್ನಿ. ಸರಾಸರಿ ಲೆಕ್ಕದಲ್ಲಿ ನಾಲ್ಕನ್ನು 0.8ರಿಂದ ಭಾಗಿಸಿ 5 ಚಿಕ್ಕ ಗಾಡಿ ಕೊಂಡು ಕೈತೊಳೆದುಕೊಳ್ಳುವವರೇ ಹೆಚ್ಚು. ಆದರೆ ಐದರಲ್ಲಿ ಕನಿಷ್ಠ ನಾಲ್ಕು ಓಡುವ ಸಾಧ್ಯತೆ ಶೇ. 73.7 ಅಷ್ಟೇ. ನೂರು ದಿನದಲ್ಲಿ ಸುಮಾರು 26 ದಿನ ಒಳಗಿನ ಕ್ಯಾಂಪಿಗೆ ಪೂರ್ತಿ ರೇಷನ್ ತಲುಪಲ್ಲ! 6 ಕೊಂಡರೆ ಶೇ. 90, 7 ಕೊಂಡರೆ ಶೇ. 96.7. ಇದೂ ಪ್ರತಿ ಗಾಡಿ ತನ್ನ ಪಾಡಿಗೆ ಕೆಡುತ್ತೆ ಅಂದುಕೊಂಡಾಗ. ಸ್ಟೋರಿನಲ್ಲಿ ಕ್ಲಚ್ ಪ್ಲೇಟ್ ಖಾಲಿಯಾದರೆ ಒಂದೇ ಮಾಡೆಲ್ಲಿನ ಗಾಡಿಗಳು ಒಂದರ ಹಿಂದೆ ಒಂದು ನಿಲ್ಲುತ್ತವೆ.

ಹೆಚ್ಚುವರಿ ಗಾಡಿಯನ್ನು ಚಿಕ್ಕದರಲ್ಲೇ ಇಡಿ ಅನ್ನೋದು ನನ್ನ ಗಟ್ಟಿ ಅಭಿಪ್ರಾಯ. ಟನ್ನಿಗೆ ಖರ್ಚು ಜಾಸ್ತಿ, ನಿಜ. ಆದರೆ ದೊಡ್ಡದೊಂದು ಕೆಟ್ಟರೆ ಎರಡು ಚಿಕ್ಕವು ಹೈವೇಯಲ್ಲಿ ಅದರ ಕೆಲಸ ಮಾಡುತ್ತವೆ. ಚಿಕ್ಕದು ಕೆಟ್ಟರೆ ಎರೆ ದಾರಿಗೆ ದೊಡ್ಡದನ್ನು ಕಳಿಸೋಕಾಗಲ್ಲ.

ಮೂರನೇ ಮಾಡೆಲ್ ಸೇರಿಸುವ ಮುಂಚೆ ಅದರ ಸ್ಪೇರ್ ಪಾರ್ಟ್ಸ್, ಟೂಲ್ಸ್, ಮೆಕ್ಯಾನಿಕ್ ತರಬೇತಿಯ ಖರ್ಚನ್ನೂ ಗಣಿತದ ಮಾದರಿಗೆ ಹಾಕಬೇಕು. ಅದಕ್ಕೆ ಸೊನ್ನೆ (ಆ ಮಾಡೆಲ್ ಬೇಡ) ಅಥವಾ ಒಂದು (ಬೇಕು) ಆಗುವ ಚರ ಬೇಕು: ಆ ಮಾಡೆಲ್ಲಿನ ಗಾಡಿಗಳ ಸಂಖ್ಯೆ, 'ಎಂ' ಅನ್ನೋ ಒಂದು ದೊಡ್ಡ ಸಂಖ್ಯೆಯನ್ನು ಆ ಚರದಿಂದ ಗುಣಿಸಿದಷ್ಟನ್ನು ಮೀರಬಾರದು. ಇಲ್ಲೇ ಎಡವುವುದು. ಎಂ ಬೆಲೆ 10,00,000 ಅಂತ ಬರೆದುಬಿಡುತ್ತಾರೆ. ಸಾಲ್ವರ್ (ಲೆಕ್ಕ ಬಿಡಿಸುವ ಸಾಫ್ಟ್‌ವೇರ್) 0.00001 ಅನ್ನೂ ಸೊನ್ನೆ ಅಂತ ಒಪ್ಪಿಕೊಳ್ಳುವಂತಿದ್ದರೆ, 10,00,000 ಗುಣಿಸು 0.00001 ಅಂದರೆ 10 ಆಗುವುದರಿಂದ, ಆ ಖರ್ಚು ತೋರಿಸದೆಯೇ 10 ಗಾಡಿ ಉತ್ತರದೊಳಗೆ ನುಸುಳುತ್ತವೆ. ಈ ಲೆಕ್ಕಕ್ಕೆ ಎಂ ಬೆಲೆ 20 ಇಟ್ಟರೆ ಧಾರಾಳ.